ಎರಡು ಬೀಗದ ಆಲೂಗಡ್ಡೆ

"ಬೇಗ ತುಳಿ... ಅವನು ಬಂದ."

ಹೀಗೆಂದದ್ದು ಒಂದು ಆಲೂಗಡ್ಡೆ ಮೂಟೆ.

ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಮೂಟೆಯ ಹಿಂದೆ ಎಂಬತ್ತೇಳು ವರ್ಷದ ಹೆಂಕ್ ಅಜ್ಜ ಮುದುಡಿ ಕೂತಿದ್ದರು. ಡಚ್ ವಾಯುಪಡೆಯ ನಿವೃತ್ತ ಸಾರ್ಜೆಂಟ್. ಮೈಮೇಲೆ ಕರಿ ಸೂಟು, ಎದೆಯ ಮೇಲೆ ಪದಕಗಳು, ಮುಖಕ್ಕೆ ನೀಲಿ ಮಾಸ್ಕ್, ತಲೆಯ ಮೇಲೆ ಗೋಣಿಚೀಲ.

ತುಳಿಯುತ್ತಿದ್ದವಳು ನಾನು. ರಾಜೀವಿ. ಹುಟ್ಟಿದ್ದು ಕಾಪು, ಇರುವುದು ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನ್. ವಯಸ್ಸು ಐವತ್ತರ ಹತ್ತಿರ, ಬಲ ಮಂಡಿಯಲ್ಲಿ ನೋವು.

ಗಾಡಿ ನನ್ನದಲ್ಲ. ಮುಂದೆ ಮರದ ತೊಟ್ಟಿ ಇರುವ ಸೈಕಲ್ಲು. ಇಲ್ಲಿನವರು ಬಾಕ್‌ಫೀಟ್ಸ್ ಅನ್ನುತ್ತಾರೆ. ಮಕ್ಕಳನ್ನು ಶಾಲೆಗೆ, ನಾಯಿಯನ್ನು ಡಾಕ್ಟರ ಬಳಿಗೆ ಅದರಲ್ಲೇ ಒಯ್ಯುತ್ತಾರೆ. ಸಾರ್ಜೆಂಟನ್ನು ಒಯ್ದವಳು ಬಹುಶಃ ನಾನೇ ಮೊದಲು.

ಹಿಂದೆ ನೋಡಿದೆ. ಕರಿ ಕಾರು. ಸ್ಟಿಯರಿಂಗ್ ಹಿಂದೆ ರೂಬೆನ್. ಅಜ್ಜನ ಅಣ್ಣನ ಮಗ. ಅವನ ಎಡ ಮೂಗಿನ ಹೊಳ್ಳೆಯಿಂದ ಇನ್ನೂ ನೀರು ಸುರಿಯುತ್ತಿತ್ತು.

ಅದು ನನ್ನದೇ ಕೆಲಸ. ಬರುತ್ತೇನೆ, ಅಲ್ಲಿಗೂ ಬರುತ್ತೇನೆ.

ಆಮ್ಸ್ಟೆಲ್‌ವೀನ್‌ನ ನಮ್ಮವರಿಗೆಲ್ಲ ನನ್ನ ನಂಬರ್ ಗೊತ್ತು. ಮನೆ ಮಾಲೀಕ ಡೆಪಾಸಿಟ್ ಕೊಡುತ್ತಿಲ್ಲವೇ? ರಾಜೀವಿ. ಗಂಡ ಹೇಳದೆ ಮನೆ ಬಿಟ್ಟನೇ? ರಾಜೀವಿ. ನಾನು ದೊಡ್ಡ ಧೈರ್ಯಸ್ಥೆ ಎಂದು ಅವರೆಲ್ಲರ ನಂಬಿಕೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮೆಟ್ಟಿಲು ಹತ್ತಿ ಇಳಿದು ನೋಡುವ ಹೆಂಗಸು ನಾನು. ಅದು ಅವರಿಗೆ ಗೊತ್ತಿಲ್ಲ. ಹೇಳಬೇಡಿ. ಹೊಟ್ಟೆಪಾಡು.

ಆ ಬೇಸಿಗೆಯಲ್ಲಿ ಪ್ರಜ್ಞಾ ಬಂದಳು. ಮಂಗಳೂರಿನ ಹುಡುಗಿ. ಯುಟ್ರೆಕ್ಟ್‌ನಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ.

"ಅಕ್ಕ, ನೀವು ನನ್ನ ಪ್ಯಾರಾನಿಂಫ್ ಆಗ್ಬೇಕು."

"ಅದೆಂತದು ಮಾರಾಯ್ತಿ?"

"ಥೀಸಿಸ್ ಡಿಫೆನ್ಸ್ ದಿನ ನನ್ನ ಪಕ್ಕ ಕೂರುದು. ಹಿಂದಿನ ಕಾಲದಲ್ಲಿ ಕ್ಯಾಂಡಿಡೇಟಿಗೆ ಯಾರಾದ್ರೂ ಹೊಡ್ಲಿಕ್ಕೆ ಬಂದ್ರೆ ತಡೀಲಿಕ್ಕೆ ಇಟ್ಕೊಳ್ತಿದ್ರಂತೆ. ಬಾಡಿಗಾರ್ಡ್ ಹಾಗೆ. ಉತ್ತರ ಗೊತ್ತಾಗದಿದ್ರೆ ನಮ್ಮ ಪರವಾಗಿ ಹೇಳ್ಲಿಕ್ಕೂ ಆಗ್ತದೆ. ಎಲ್ರೂ ಇಬ್ಬರನ್ನು ಇಟ್ಕೊಳ್ತಾರೆ. ಕೊರೊನಾ ಅಂತ ಈ ಸಲ ಒಬ್ರೇ, ಒಂದೇ ಕುರ್ಚಿ."

"ಉತ್ತರ ನಾನು ಹೇಳುದಾ? ನಿನ್ನ ಥೀಸಿಸ್ಸಿನ ಹೆಸರೇ ನನಗೆ ಬಾಯಿಗೆ ಬರುದಿಲ್ಲ."

"ಹೆಸರು ಬಿಡಿ. ಕತೆ ಸಿಂಪಲ್. ನೂರು ವರ್ಷ ಈ ದೇಶ ಯಾರ ಗುಂಪಿಗೂ ಸೇರ್ಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸುತ್ತ ಎಲ್ಲ ಉರೀತಿದ್ರೂ ಇವ್ರು ಕದ ಹಾಕಿ ಒಳಗೆ ಕೂತಿದ್ರು. ನಲವತ್ತರಲ್ಲಿ ಜರ್ಮನಿ ಕದ ಒಡೆದೇ ಬಂತು. ಐದು ದಿನದಲ್ಲಿ ಎಲ್ಲ ಮುಗೀತು. ರಾಣಿ ಲಂಡನ್ನಿಗೆ ಹೋದ್ರು."

"ಪಾಪ."

"ಯುದ್ಧ ಮುಗಿದ ಮೇಲೆ ಬುದ್ಧಿ ಬಂತು. ಒಂಟಿಯಾಗಿದ್ರೆ ಯಾರಾದ್ರೂ ಬಡೀತಾರೆ. ನಲವತ್ತೊಂಬತ್ತರಲ್ಲಿ ನೇಟೋ ಸೇರಿದ್ರು. ಅವತ್ತಿಂದ ಅಮೆರಿಕದ ಬಲಗೈ."

"ಒಳ್ಳೇದೇ ಆಯ್ತಲ್ಲ?"

"ಆ ಕೈಯಲ್ಲಿ ಎಂತ ಹಿಡ್ಕೊಂಡಿದ್ದಾರೆ ಅಂತ ಮನೆಯವರಿಗೇ ಹೇಳುದಿಲ್ಲ ಅಕ್ಕ. ಅಮೆರಿಕದ ಅಣುಬಾಂಬು ಇಲ್ಲಿ ಉಂಟಾ ಅಂತ ಕೇಳಿದ್ರೆ ಒಂದೇ ಉತ್ತರ. ದೃಢಪಡಿಸುದಿಲ್ಲ, ನಿರಾಕರಿಸುದೂ ಇಲ್ಲ."

ನನಗೆ ಆ ಉತ್ತರ ಹಿಡಿಸಿತು. ನನ್ನ ಕಸುಬಿಗೆ ಹೇಳಿ ಮಾಡಿಸಿದಂತಿತ್ತು.

ಅವಳ ಥೀಸಿಸ್ಸಿನ ಜೀವ ಇದ್ದದ್ದು ಹೆಂಕ್ ಅಜ್ಜನಲ್ಲಿ. ಅರವತ್ಮೂರರ ಚಳಿಗಾಲ. ಒಂದು ವಾಯುನೆಲೆಯ ಹೊರಗೆ, ಹಿಮ ಗಟ್ಟಿದ ರಸ್ತೆಯಲ್ಲಿ ಒಂದು ಲಾರಿ ಜಾರಿ ಕಂದಕಕ್ಕೆ ಬಿತ್ತು. ಅಜ್ಜ ಮತ್ತು ಸಂಗಡಿಗರು ಅದನ್ನು ಎಳೆದು ಮೇಲೆ ಹಾಕಿದರು. ಮರುದಿನದ ಪತ್ರಿಕೆಯಲ್ಲಿ ಬಂದದ್ದು, ಆಲೂಗಡ್ಡೆ ಲಾರಿ ಎಂದು. ಅದು ಆಲೂಗಡ್ಡೆ ಅಲ್ಲ ಎಂದು ಅಜ್ಜ ಇಷ್ಟು ವರ್ಷಗಳ ನಂತರ ಪ್ರಜ್ಞಾಳಿಗೆ ಹೇಳಿದ್ದರು. ಲಾಕ್‌ಡೌನಿನಲ್ಲಿ, ವೃದ್ಧಾಶ್ರಮದ ಕಿಟಕಿಯ ಆಚೆಯಿಂದ, ಫೋನಿನಲ್ಲಿ. ಇವಳು ಹೂಗಿಡದ ಪಾತಿಯಲ್ಲಿ ಕೊಡೆ ಹಿಡಿದು ನಿಂತು ರೆಕಾರ್ಡ್ ಮಾಡಿಕೊಂಡಿದ್ದಳು.

ಡಿಫೆನ್ಸಿಗೆ ಕೆಲವೇ ದಿನ ಇರುವಾಗ ವಿಶ್ವವಿದ್ಯಾಲಯಕ್ಕೆ ಹೆಸರಿಲ್ಲದ ದೂರು ಹೋಯಿತು. ಅಂಥ ಸಾಕ್ಷಿಯೇ ಇಲ್ಲ, ರೆಕಾರ್ಡಿಂಗ್ ನಕಲಿ, ಇವಳು ಕತೆ ಕಟ್ಟಿದ್ದಾಳೆ ಎಂದು. ಪರೀಕ್ಷಕರು ನಯವಾಗಿಯೇ ಹೇಳಿದರು. ಡಿಫೆನ್ಸ್ ನಡೆಯಲಿ. ಆದರೆ ಸಾಕ್ಷಿಯನ್ನು ಸಭೆಗೆ ಕರೆತನ್ನಿ. ಇಲ್ಲವಾದರೆ ಪದವಿ ಇಲ್ಲ.

"ಪದವಿ ಹೋದ್ರೆ ಹೋಗ್ಲಿ ಅಕ್ಕ," ಎಂದಿದ್ದಳು ಪ್ರಜ್ಞಾ. "ಸುಳ್ಳಿ ಅಂತ ಹೆಸರು ತಕ್ಕೊಂಡು ನಾನು ಮಂಗ್ಳೂರಿಗೆ ಹೇಗೆ ಹೋಗುದು?"

ಅಜ್ಜನಿಗೆ ಸಂಭ್ರಮವೋ ಸಂಭ್ರಮ. ಸೂಟು ಇಸ್ತ್ರಿ ಮಾಡಿಸಿದ್ದರಂತೆ.

ಡಿಫೆನ್ಸ್ ಇದ್ದದ್ದು ಎರಡು ಸಾವಿರದ ಇಪ್ಪತ್ತೊಂದರ ಅಕ್ಟೋಬರ್ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಎರಡೂಕಾಲಕ್ಕೆ.

ಬೆಳಿಗ್ಗೆ ಯುಟ್ರೆಕ್ಟ್‌ನ ವೃದ್ಧಾಶ್ರಮಕ್ಕೆ ಹೋದೆ. ಕೋಣೆ ಖಾಲಿ.

"ಅವರ ಅಣ್ಣನ ಮಗ ನಿನ್ನೆ ಕರ್ಕೊಂಡು ಹೋದ್ರು," ಎಂದಳು ನರ್ಸ್. "ಅವರೇ ಗಾರ್ಡಿಯನ್. ತಡೆಯೋಕೆ ನಾವ್ಯಾರು?"

"ಎಲ್ಲಿಗೆ?"

"ಹೇಳ್ಲಿಲ್ಲ. ಅವರಿಗೆ ಆಂಟ್‌ವರ್ಪ್‌ನಲ್ಲಿ ಒಂದು ಫ್ಲ್ಯಾಟ್ ಇದೆ. ಇಲ್ಲೇ ಊರಾಚೆ ಒಂದು ತರಕಾರಿ ತೋಟ ಇದೆ, ಗುಡಿಸಲು ಸಮೇತ. ಕೊರೊನಾಕ್ಕೆ ಮೊದಲು ಅಜ್ಜನ್ನ ಎರಡೂ ಕಡೆ ಕರ್ಕೊಂಡು ಹೋಗ್ತಿದ್ರು."

ಒಂದು ಬೆಲ್ಜಿಯಮ್. ಇನ್ನೊಂದು ಸೈಕಲ್ ದೂರ. ಎರಡಕ್ಕೂ ಹೋಗಿ ಬರುವಷ್ಟು ಸಮಯ ಇಲ್ಲ.

ಪ್ರಜ್ಞಾಳ ಕೋಣೆಗೆ ಓಡಿದೆ. ಅವಳು ಕರಿ ಬ್ಲೇಜರ್ ಹಾಕಿಕೊಂಡು ಗೋಡೆ ನೋಡುತ್ತಾ ಕೂತಿದ್ದಳು.

"ರೂಬೆನ್‌ಗೆ ಫೋನ್ ಮಾಡು," ಎಂದೆ. "ಸ್ಪೀಕರ್ ಹಾಕು. ನಾನು ಬಾಯಿ ಬಿಡುದಿಲ್ಲ. ನೀನು ಸಿಟ್ಟು ಮಾಡ್ಬೇಡ. ಮಾತಾಡಿಸ್ತಾ ಇರು, ಅಷ್ಟೆ."

ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಇನ್ನೇನು ಹನ್ನೆರಡು ಹೊಡೆಯಬೇಕು ಎನ್ನುವಾಗ ಎತ್ತಿದ.

"ಓ, ಪ್ರಜ್ಞಾ," ಎಂದ. ಬೆಣ್ಣೆಯಂಥ ದನಿ. ರೂಬೆನ್ ಸರ್ಕಾರ ಕೂರುವ ಹೇಗ್ ನಗರದಲ್ಲಿ ಲಾಬಿ ಮಾಡುವವನು. ವಾಯುನೆಲೆಗಳಿಗೆ ಕಾಂಕ್ರೀಟ್ ಶೆಡ್ ಕಟ್ಟಿಕೊಡುವ ಕಂಪನಿಯೊಂದರ ಪರವಾಗಿ. ಆ ವಾರವೇ ದೊಡ್ಡದೊಂದು ಕಾಂಟ್ರಾಕ್ಟಿಗೆ ಸಹಿ ಬೀಳುವುದಿತ್ತು. ವಾಯುನೆಲೆಯ ಹಳೆ ಗುಟ್ಟು ಈಗ ಹೊರಬಿದ್ದರೆ ಅದು ಕೈತಪ್ಪಿದಂತೆಯೇ; ಹೆಸರಿಲ್ಲದ ದೂರು ಯಾರದೆಂದು ಕೇಳಬೇಕಿರಲಿಲ್ಲ. "ಪಾಪ, ಚಿಕ್ಕಪ್ಪನಿಗೆ ಕೊರೊನಾ ಪಾಸಿಟಿವ್. ಆಂಟ್‌ವರ್ಪ್‌ನಲ್ಲಿದ್ದೀವಿ. ಕ್ವಾರಂಟೈನ್. ಹತ್ತು ದಿನ ಅಲ್ಲಾಡೋ ಹಾಗಿಲ್ಲ."

"ಒಂದ್ಸಲ ವಿಡಿಯೋದಲ್ಲಾದ್ರೂ ತೋರಿಸಿ..."

"ಮಲಗಿದ್ದಾರೆ. ನೀವು ಇನ್ನೂ ಚಿಕ್ಕವರು ಪ್ರಜ್ಞಾ. ಬೇರೆ ಸಬ್ಜೆಕ್ಟ್ ಸಿಗುತ್ತೆ. ಹೂವಿನ ಇತಿಹಾಸ ಬರೀರಿ. ಟುಲಿಪ್ ಬಗ್ಗೆ..."

ಆಗ ಸೈರನ್ ಕೂಗಿತು.

ಪ್ರತಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಈ ದೇಶದ ಊರೂರಲ್ಲೂ ಅಪಾಯದ ಸೈರನ್ ಕೂಗುತ್ತದೆ. ಟೆಸ್ಟ್, ಬೇರೇನೂ ಅಲ್ಲ. ರಷ್ಯಾದ ವಿಮಾನ ಬಂದೀತೆಂದು ಹೆದರುತ್ತಿದ್ದ ಕಾಲದ ಅಭ್ಯಾಸ. ಇಲ್ಲಿ ಇಷ್ಟು ವರ್ಷವಾದರೂ ನಾನು ಪ್ರತಿ ಸಲ ಬೆಚ್ಚಿಬಿದ್ದು ಗ್ಯಾಸ್ ಆರಿಸುತ್ತೇನೆ. ಆವತ್ತೂ ಬೆಚ್ಚಿಬಿದ್ದೆ.

ರೂಬೆನ್ ಬೆಚ್ಚಲಿಲ್ಲ. ಟುಲಿಪ್ ಬಗ್ಗೆ ಹೇಳುತ್ತಲೇ ಇದ್ದ.

ಕಿಟಕಿಯ ಆಚೆ ಸೈರನ್ ನಿಂತಿತು.

ಫೋನಿನೊಳಗೆ ಅದು ಇನ್ನೂ ಒಂದು ಉಸಿರಿನಷ್ಟು ಹೊತ್ತು ಎಳೆದು, ಆಮೇಲೆ ನಿಂತಿತು.

ನಾನು ಪ್ರಜ್ಞಾಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಬೆಲ್ಜಿಯಮ್‌ನಲ್ಲಿ ಸೋಮವಾರ ಮಧ್ಯಾಹ್ನ ಯಾವ ಸೈರನ್ನೂ ಕೂಗುವುದಿಲ್ಲ. ಹೊರಗಿನವನಾಗಿದ್ದರೆ ಸದ್ದು ಕೇಳಿದ ಕೂಡಲೇ ಫೋನ್ ಇಟ್ಟುಬಿಡುತ್ತಿದ್ದ. ಇವನು ಹುಟ್ಟಿದಾಗಿನಿಂದ ಕೇಳಿದವನು. ಅವನ ಕಿವಿಗೆ ಅದು ಸದ್ದೇ ಅಲ್ಲ.

"ತೋಟ," ಎಂದೆ. "ನಿನ್ನ ಸೈಕಲ್ ಕೀ ಕೊಡು. ನೀನು ಹಾಲಿಗೆ ಹೋಗು."

"ನೀವು ಬರದಿದ್ರೆ ಅಕ್ಕ?"

ಕೀಯನ್ನು ಅವಳ ಕೈಯಿಂದ ಕಿತ್ತುಕೊಂಡೆ.

"ಬರ್ತೇನೆ," ಎಂದೆ. ಧೈರ್ಯಸ್ಥೆ ಎಂದು ಹೆಸರಿದೆಯಲ್ಲ.

ತೋಟದ ಗೇಟಿಗೆ ಅಡ್ಡವಾಗಿ ಕರಿ ಕಾರು ನಿಂತಿತ್ತು. ಒಳಗೆ ಸಾಲಾಗಿ ಪಾತಿಗಳು, ಪುಟ್ಟ ಪುಟ್ಟ ಮರದ ಗುಡಿಸಲುಗಳು. ಈ ದೇಶದ ಜನ ಕಿಟಕಿಗೆ ಪರದೆ ಹಾಕುವುದು ಕಡಿಮೆ. ನಮಗೆ ಬಚ್ಚಿಡಲು ಏನೂ ಇಲ್ಲ ಎಂಬ ಬಿಂಕ. ಒಂದೇ ಒಂದು ಗುಡಿಸಲಿನ ಕಿಟಕಿಗೆ ಟವೆಲ್ ನೇತುಹಾಕಿತ್ತು.

ನನ್ನ ಚೀಲದಲ್ಲಿ ಯಾವಾಗಲೂ ನಾಲ್ಕು ಕೊರೊನಾ ಟೆಸ್ಟ್ ಕಿಟ್, ಗ್ಲೌಸ್, ಪ್ಲಾಸ್ಟಿಕ್ ಏಪ್ರನ್ ಇರುತ್ತವೆ. ಭಯದವಳು ಎಂದೆನಲ್ಲ. ಎಲ್ಲ ಹಾಕಿಕೊಂಡೆ. ಬಾಗಿಲು ತಟ್ಟಿದೆ.

ರೂಬೆನ್ ತೆರೆದ. ಆರಡಿ. ದುಬಾರಿ ಶೂ.

"ಈ ಮನೆಯಲ್ಲಿ ಒಬ್ಬರು ಪಾಸಿಟಿವ್," ಎಂದೆ ಡಚ್ಚಿನಲ್ಲಿ. "ಜೊತೆಗಿರುವವರದ್ದು ಟೆಸ್ಟ್ ಆಗ್ಬೇಕು. ನೀವಾ?"

"ನೀವು... ಆರೋಗ್ಯ ಇಲಾಖೆಯಾ?"

ದೃಢಪಡಿಸಲಿಲ್ಲ. ನಿರಾಕರಿಸಲೂ ಇಲ್ಲ.

"ಕೂತ್ಕೊಳ್ಳಿ. ತಲೆ ಹಿಂದಕ್ಕೆ."

"ಅದು... ನಿಜವಾಗಿ ಹೇಳ್ಬೇಕಂದ್ರೆ..."

"ಪಾಸಿಟಿವ್ ಅಲ್ವಾ? ಸುಳ್ಳು ಹೇಳಿದ್ರಾ? ಫೈನ್ ಬೀಳುತ್ತೆ ನೋಡಿ."

ಅವನು ಕೂತ. ಪಾಪ, ಅವನದೇ ಸುಳ್ಳು ಅವನನ್ನು ಕೂರಿಸಿತು.

ಸ್ವಾಬ್ ಕಡ್ಡಿಯನ್ನು ಮೂಗಿಗೆ ಹಾಕಿದೆ. ಎಷ್ಟು ಒಳಗೆ ಹೋಗಬಹುದು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ನಾನು ಕನ್ನಡಕ ತಂದಿರಲಿಲ್ಲ.

ರೂಬೆನ್ ಕಣ್ಣು ಮುಚ್ಚಿ ಕೆಮ್ಮುತ್ತಾ ಬಗ್ಗಿದ. ಮೂಲೆಯಲ್ಲಿ ಸೂಟು ಹಾಕಿ ನೆಟ್ಟಗೆ ಕೂತಿದ್ದ ಹೆಂಕ್ ಅಜ್ಜ ನನ್ನ ಕಣ್ಣುಗಳನ್ನೇ ನೋಡಿದರು.

"ನೀನು ಪ್ರಜ್ಞಾ ಕಡೆಯವಳಾ? ಬೆಳಿಗ್ಗೆಯಿಂದ ಕಾಯ್ತಿದ್ದೀನಿ. ಇವನು ಕಾರು ಕೆಟ್ಟಿದೆ ಅಂತಾನೆ."

"ಕಾರು ಬೇಡ ಅಜ್ಜ. ಬನ್ನಿ."

ಹೊರಗೆ ಬಂದು ಚಿಲಕ ಜಡಿದೆ. ಪ್ರಜ್ಞಾಳ ಸೈಕಲ್ಲಿಗೆ ಅಜ್ಜನನ್ನು ಹತ್ತಿಸುವಂತಿರಲಿಲ್ಲ. ಗೇಟಿನ ಬಳಿ ಬಾಕ್‌ಫೀಟ್ಸ್ ಇತ್ತು, ತೊಟ್ಟಿಯಲ್ಲಿ ಯಾರೋ ಆಗಷ್ಟೇ ಕಿತ್ತ ಆಲೂಗಡ್ಡೆಯ ಮೂಟೆ. ಬೀಗ ಹಾಕಿರಲಿಲ್ಲ. ಈ ದೇಶದಲ್ಲಿ ಸೈಕಲ್ಲಿಗೆ ಬೀಗ ಹಾಕದವರು ಇನ್ನೂ ಇದ್ದಾರೆ ಎಂದು ನನಗೆ ಕಣ್ಣು ತುಂಬಿ ಬಂತು. ಚೀಟಿಯಲ್ಲಿ ಕ್ಷಮಿಸಿ, ಸಂಜೆ ವಾಪಸ್ ತರುತ್ತೇನೆ ಎಂದು ಬರೆದು ಗೇಟಿಗೆ ಸಿಕ್ಕಿಸಿದೆ. ಕೆಳಗೆ ನನ್ನ ಫೋನ್ ನಂಬರನ್ನೂ ಬರೆದೆ. ಕಳ್ಳತನದಲ್ಲಿ ಅನುಭವ ಸಾಲದು.

ಹಿಂದೆ ಗಾಜು ಒಡೆದ ಸದ್ದು. ರೂಬೆನ್ ಕಿಟಕಿಯಿಂದ ಹೊರಬೀಳುತ್ತಿದ್ದ.

ಈಗ ನೀವು ಕತೆಯ ಮೊದಲ ಸಾಲಿಗೆ ಬಂದಿರಿ.

"ಬಲಕ್ಕೆ," ಎಂದರು ಅಜ್ಜ ಗೋಣಿಯೊಳಗಿನಿಂದ. "ಕಾಲುವೆ ದಾರಿ ಹಿಡಿ."

"ಅಜ್ಜ, ತಲೆ ಒಳಗೆ ಹಾಕಿ."

"ನಾನು ಸಾರ್ಜೆಂಟ್. ಆರ್ಡರ್ ಕೊಡೋದು ನಾನು."

"ತುಳಿಯೋದು ನಾನು."

ತಲೆ ಒಳಗೆ ಹಾಕಿದರು. ಕಾರು ಹತ್ತಿರವಾಯಿತು. ರೂಬೆನ್ ಹಾರನ್ ಹೊಡೆದ. ಕಿಟಕಿ ಇಳಿಸಿ ಕೂಗಿದ.

"ನಿಲ್ಸಿ! ಅದು ಕಿಡ್ನ್ಯಾಪ್! ಪೊಲೀಸ್ ಕರೀತೀನಿ!"

"ಕರೀರಿ," ಎಂದೆ. "ಆಂಟ್‌ವರ್ಪ್ ಪೊಲೀಸಾ, ಇಲ್ಲಿಯವರಾ?"

ಮಂಡಿ ಉರಿಯುತ್ತಿತ್ತು. ಮುಂದೆ ಹಳೆ ಪೇಟೆ. ಅಲ್ಲಿಗೆ ಖಾಸಗಿ ಕಾರು ಹೋಗುವಂತಿಲ್ಲ. ದಾರಿಯ ನಡುವೆ ನೆಲದಿಂದ ಏಳುವ ಕಬ್ಬಿಣದ ಕಂಬ. ಬಸ್ಸು ಬಂದರೆ ಕಂಬ ಇಳಿಯುತ್ತದೆ, ಬಸ್ಸು ದಾಟಿದೊಡನೆ ಏಳುತ್ತದೆ. ಸೈಕಲ್ಲಿಗೆ ಪಕ್ಕದಲ್ಲಿ ಸಂದು.

ನಾನು ಸಂದಿನಲ್ಲಿ ನುಗ್ಗಿದೆ. ಬಸ್ಸೊಂದು ಬಂತು, ಕಂಬ ಇಳಿಯಿತು. ಬಸ್ಸಿನ ಬಾಲ ಹಿಡಿದು ರೂಬೆನ್ ಕಾರು ನುಗ್ಗಿಸಿದ.

ಬಸ್ಸು ದಾಟಿತು.

ರೂಬೆನ್ ದಾಟಲಿಲ್ಲ.

ಆ ಸದ್ದನ್ನು ಹೇಗೆ ಹೇಳಲಿ... ಸ್ಟೀಲ್ ಅಂಡೆಯನ್ನು ಮಾಳಿಗೆಯಿಂದ ಎಸೆದ ಹಾಗೆ. ತಿರುಗಿ ನೋಡಿದರೆ ಕಾರಿನ ಮೂತಿ ಆಕಾಶ ನೋಡುತ್ತಿತ್ತು. ಅವನು ಬಾಗಿಲು ತೆರೆದು ಇಳಿದ. ಕುಂಟುತ್ತಾ ಓಡತೊಡಗಿದ. ಗಾಯವಾಗಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಆಮೇಲೆ, ಓಡುತ್ತಿದ್ದಾನಲ್ಲ ಎಂದು ಗಾಬರಿಯಾಯಿತು.

"ಕಂಬ ಕಟ್ಟಿದ್ದು ಒಳ್ಳೇ ಕಂಪನಿ," ಎಂದರು ಅಜ್ಜ ಇಣುಕಿ ನೋಡಿ.

ಡಾಮ್ ಗೋಪುರದ ಚೌಕ. ವಿಶ್ವವಿದ್ಯಾಲಯದ ಹಳೆ ಕಟ್ಟಡ. ಅಜ್ಜನನ್ನು ಇಳಿಸಿ, ಸೂಟಿನ ಮಣ್ಣು ಕೊಡವಿ, ಮೆಟ್ಟಿಲು ಹತ್ತಿಸಿದೆ. ಒಂದೊಂದು ಮೆಟ್ಟಿಲಿಗೂ ಅಜ್ಜ ನಿಂತರು. ನಾನೂ ನಿಂತೆ. ನನಗೂ ಬೇಕಿತ್ತು.

ಹಾಲಿನ ಬಾಗಿಲು ಮುಚ್ಚಿತ್ತು. ಮುಂದೆ ಕರಿ ನಿಲುವಂಗಿಯ ಹೆಂಗಸು, ಕೈಯಲ್ಲಿ ಬೆಳ್ಳಿ ಗೆಜ್ಜೆಗಳ ಉದ್ದನೆ ದಂಡ. ಇಲ್ಲಿ ಅವರನ್ನು ಪೆಡೆಲ್ ಎನ್ನುತ್ತಾರೆ. ಮುಕ್ಕಾಲು ಗಂಟೆ ಮುಗಿದೊಡನೆ ಅವರು ಒಳಗೆ ಹೋಗಿ ದಂಡ ಕುಟ್ಟಿ ವೇಳೆ ಮುಗಿಯಿತು ಎಂದು ಸಾರುತ್ತಾರೆ. ಆಮೇಲೆ ಒಂದು ಅಕ್ಷರ ಮಾತಾಡುವಂತಿಲ್ಲ.

"ಶುರುವಾಗಿದೆ," ಎಂದರು ಪೆಡೆಲ್. "ಇನ್ನು ಬಾಗಿಲು ತೆರೆಯಲ್ಲ."

"ನಾನು ಪ್ಯಾರಾನಿಂಫ್..."

"ಓ, ಅದು ನೀವಾ? ಪ್ಯಾರಾನಿಂಫ್ ಇಲ್ಲದೆ ಶುರು ಮಾಡಿದ್ದು ನನ್ನ ಸರ್ವಿಸ್‌ನಲ್ಲಿ ಇದೇ ಮೊದಲು." ಗಡಿಯಾರ ನೋಡಿದರು. "ಪ್ಯಾರಾನಿಂಫ್‌ಗೆ ತೆರೀಬಹುದು. ಒಬ್ಬರಿಗೆ. ಒಂದೇ ಕುರ್ಚಿ ಇರೋದು."

"ಇವರು ಸಾಕ್ಷಿ. ಸಭಿಕರ ಜೊತೆ ಕೂರಿಸಿದ್ರೆ?"

"ಸಾಕ್ಷಿ ಆಗಿದ್ರೆ ಶುರುವಾಗೋ ಮೊದಲೇ ಬರ್ಬೇಕಿತ್ತು. ಸೀಟುಗಳೆಲ್ಲ ಮೊದಲೇ ನೋಂದಣಿ. ಕೊರೊನಾ ರೂಲ್ಸ್. ಅದೂ ಅಲ್ದೆ ಸಭಿಕರು ಬಾಯಿ ತೆರೆಯೋ ಹಾಗಿಲ್ಲ. ಅದು ಕೊರೊನಾಕ್ಕಿಂತ ಹಳೇ ರೂಲ್ಸ್." ನನ್ನನ್ನೂ ಅಜ್ಜನನ್ನೂ ಸರದಿಯಂತೆ ನೋಡಿದರು. ನಿಧಾನವಾಗಿ ಕೇಳಿದರು. "ಪ್ಯಾರಾನಿಂಫ್ ಯಾರು?"

ನಾನು ಹೊಸ ಬ್ಲೇಜರ್ ತೆಗೆದುಕೊಂಡಿದ್ದೆ. ಕೂದಲಿಗೆ ಬಣ್ಣ ಹಾಕಿಸಿದ್ದೆ. ಪ್ರಜ್ಞಾಳ ಪಕ್ಕ ಕೂತ ಫೋಟೋವನ್ನು ಕಾಪುವಿನ ಅಕ್ಕನಿಗೆ ಕಳಿಸುವುದಿತ್ತು. ಕನ್ನಡಿಯ ಮುಂದೆ ಕೂರುವುದನ್ನು ಅಭ್ಯಾಸ ಮಾಡಿದ್ದೆ.

"ಇವರು," ಎಂದೆ. ಅಜ್ಜನ ಟೈ ಸರಿಮಾಡಿದೆ.

ಪೆಡೆಲ್ ಬಾಗಿಲು ತೆರೆದರು. ಅಜ್ಜ ಪೆರೇಡಿನಲ್ಲಿ ನಡೆದಂತೆ ಒಳಗೆ ನಡೆದರು. ಬಾಗಿಲು ಮುಚ್ಚಿತು.

ನಾನು ಕಾರಿಡಾರಿನ ಬೆಂಚಿನಲ್ಲಿ ಕುಸಿದು ಫೋನ್ ತೆರೆದೆ. ಕೊರೊನಾದ ಪುಣ್ಯ, ಲೈವ್ ಇತ್ತು. ಪ್ರಜ್ಞಾಳ ಕಡೆಯವರೆಲ್ಲ ಮಂಗಳೂರಿನಲ್ಲಿ ಅದನ್ನೇ ನೋಡುತ್ತಿದ್ದರು. ಪರದೆಯಲ್ಲಿ ಅವಳ ಮುಖ ಸುಣ್ಣದಂತಿತ್ತು. ಅಜ್ಜ ಪಕ್ಕದಲ್ಲಿ ಕೂತೊಡನೆ ಅದಕ್ಕೆ ಕಳೆ ಬಂತು.

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಸರಿಸಿದರು.

"ಮತ್ತೆ ಅದೇ ಪ್ರಶ್ನೆ. ಅವತ್ತು ಬಿದ್ದದ್ದು ಆಲೂಗಡ್ಡೆ ಲಾರಿ ಅಂತ ಪತ್ರಿಕೆಯಲ್ಲಿದೆ. ಅಲ್ಲ ಅನ್ನೋಕೆ ನಿಮ್ಮ ಸಾಕ್ಷಿ ಎಲ್ಲಿ?"

ಪ್ರಜ್ಞಾ ನೆಟ್ಟಗೆ ನಿಂತಳು. "ಅಧ್ಯಕ್ಷರ ಅನುಮತಿ ಇದ್ದರೆ, ಈ ಪ್ರಶ್ನೆಗೆ ನನ್ನ ಪ್ಯಾರಾನಿಂಫ್ ಉತ್ತರ ಕೊಡ್ತಾರೆ."

ಸಭೆಯಲ್ಲಿ ಗುಸುಗುಸು. ಹಳೆಯ ಹಕ್ಕು. ಅಲ್ಲಿ ಯಾರೂ ಅದನ್ನು ಬಳಸಿದ್ದನ್ನು ಕಂಡವರಲ್ಲ. ಇಲ್ಲ ಎನ್ನಲು ಕಾರಣವೂ ಇರಲಿಲ್ಲ.

ಹೆಂಕ್ ಅಜ್ಜ ಎದ್ದರು. ಮಾಸ್ಕ್ ತೆಗೆದು ಮಡಚಿ ಜೇಬಿಗಿಟ್ಟರು.

"ನಾನು ರೈತನ ಮಗ," ಎಂದರು. "ಆಲೂಗಡ್ಡೆ ನನಗೆ ಗೊತ್ತು. ಆ ಲಾರಿಗೆ ಎರಡು ಬೀಗ ಇತ್ತು. ಒಂದು ಕೀ ನಮ್ಮ ಕ್ಯಾಪ್ಟನ್ ಹತ್ರ, ಇನ್ನೊಂದು ಅಮೆರಿಕದವನ ಹತ್ರ. ಎರಡು ದೇಶದ ಬೀಗ ಹಾಕೋ ಆಲೂಗಡ್ಡೆಯನ್ನ ನನ್ನಪ್ಪ ಯಾವತ್ತೂ ಬೆಳೀಲಿಲ್ಲ."

ಯಾರೋ ನಕ್ಕರು.

"ಒಳಗೆ ಏನಿತ್ತು?" ಕೇಳಿದರು ಪರೀಕ್ಷಕರು.

"ನನಗೆ ಗೊತ್ತಿಲ್ಲ. ಆದ್ರೆ ಮರುದಿನ ಬೆಳಿಗ್ಗೆ, ಯಾರಿಗೂ ಹೇಳಲ್ಲ ಅಂತ ನಮ್ಮೆಲ್ಲರ ಹತ್ರ ಪ್ರಮಾಣ ಮಾಡಿಸಿದ್ರು. ಆಲೂಗಡ್ಡೆಗೆ ಪ್ರಮಾಣ ಯಾಕೆ ಸಾರ್? ಈ ಹುಡುಗಿ ಬರೆದಿರೋದು ಅಷ್ಟೇ. ಒಳಗೆ ಇಂಥದ್ದಿತ್ತು ಅಂತ ಅವಳು ಎಲ್ಲೂ ಬರೆದಿಲ್ಲ. ನಮ್ಮದೇ ನೆಲದಲ್ಲಿ ಏನಿದೆ ಅಂತ ನಮಗೇ ಗೊತ್ತಿರ್ಲಿಲ್ಲ, ಅಂತ ಬರೆದಿದ್ದಾಳೆ. ಗೊತ್ತಿಲ್ಲದೆ ಇದ್ದವರಲ್ಲಿ ನಾನೊಬ್ಬ. ಇಲ್ಲೇ ಇದ್ದೀನಿ."

ಕೂತರು.

ಅಷ್ಟರಲ್ಲಿ ರೂಬೆನ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಬಾಗಿಲಿಗೆ ಕೈ ಹಾಕಿದ. ಪೆಡೆಲ್ ದಂಡವನ್ನು ಅಡ್ಡ ಹಿಡಿದರು. ಗೆಜ್ಜೆ ಝಲ್ಲೆಂದಿತು.

"ಹೆಸರು ನೋಂದಣಿ ಆಗಿದ್ಯಾ?"

"ನನ್ನ ಚಿಕ್ಕಪ್ಪ ಒಳಗಿದ್ದಾರೆ!"

"ನಿಮ್ಮ ಮೂಗು ಸೋರ್ತಿದೆ. ರೋಗಲಕ್ಷಣ ಇದ್ದವರು ಮನೇಲಿರ್ಬೇಕು."

ಅವನು ನನ್ನ ಬೆಂಚಿನ ಆ ತುದಿಯಲ್ಲಿ ಕೂತ. ಒಂದೂವರೆ ಮೀಟರ್ ದೂರ. ಒಳ್ಳೆಯ ಪ್ರಜೆ. ಬಹಳ ಹೊತ್ತು ನನ್ನ ಫೋನಿನ ಪರದೆಯನ್ನೇ ನೋಡಿದ.

"ಕಾಂಟ್ರಾಕ್ಟ್ ಹೋಯ್ತು," ಎಂದ. ದನಿಯಲ್ಲಿ ಬೆಣ್ಣೆ ಇರಲಿಲ್ಲ. "ಅದೊಂದೇ ಅಲ್ಲ. ಅವರು ಪ್ರಮಾಣ ಮುರಿದ್ರು. ಈ ವಯಸ್ಸಲ್ಲಿ ಅವರನ್ನ ಜೈಲಿಗೆ ಹಾಕಿದ್ರೆ?"

"ಒಂದೂವರೆ ವರ್ಷ ಒಂದು ಕೋಣೆಯಲ್ಲಿ ಇಟ್ಟು, ಕಿಟಕಿಯಿಂದ ಮಾತಾಡಿಸಿದಿರಿ," ಎಂದೆ. "ಜೈಲಾದ್ರೆ ಸಂಜೆ ವಾಕಿಂಗಾದ್ರೂ ಬಿಡ್ತಾರೆ."

ನಾನು ಚೀಲದಿಂದ ಟಿಶ್ಯೂ ತೆಗೆದು ಬೆಂಚಿನ ನಡುವೆ ಇಟ್ಟೆ. ತೆಗೆದುಕೊಂಡ.

ಪೆಡೆಲ್ ಒಳಗೆ ಹೋದರು. ದಂಡ ನೆಲಕ್ಕೆ ಕುಟ್ಟಿದರು. ವೇಳೆ ಮುಗಿಯಿತು.

ಪ್ರಜ್ಞಾ ಈಗ ಡಾಕ್ಟರ್ ಪ್ರಜ್ಞಾ. ಅಜ್ಜನನ್ನು ಯಾರೂ ಜೈಲಿಗೆ ಹಾಕಲಿಲ್ಲ. ಸರ್ಕಾರವನ್ನು ಯಾರೋ ಕೇಳಿದರಂತೆ. ದೃಢಪಡಿಸಲಿಲ್ಲ, ನಿರಾಕರಿಸಲೂ ಇಲ್ಲವಂತೆ. ಕಾಪುವಿನ ಅಕ್ಕನಿಗೆ ಪ್ಯಾರಾನಿಂಫ್ ಫೋಟೋ ಕಳಿಸಿದೆ. ಈ ಪದಕ ಹಾಕಿದ ಮುದುಕ ಯಾರು, ನೀನೆಲ್ಲಿ, ಎಂದು ಇನ್ನೂ ಕೇಳುತ್ತಿದ್ದಾಳೆ.

ಗಾಡಿಯನ್ನು ಆ ಸಂಜೆಯೇ ಒಪ್ಪಿಸಿದೆ. ಆದರೂ ಯಜಮಾನಿ ಅಷ್ಟರಲ್ಲಿ ದೂರು ಕೊಟ್ಟಾಗಿತ್ತು. ಚೀಟಿಯಲ್ಲಿ ನಂಬರ್ ಇತ್ತಲ್ಲ, ಪೊಲೀಸರಿಗೆ ನನ್ನನ್ನು ಹುಡುಕುವ ಕಷ್ಟವೇ ಬರಲಿಲ್ಲ.

"ಮೇಡಂ," ಎಂದ ಪೊಲೀಸ್ ಹುಡುಗ ಫೋನಿನಲ್ಲಿ. "ನೀವು ತೋಟದಿಂದ ಒಬ್ಬ ವೃದ್ಧರನ್ನ ಆ ಗಾಡಿಯಲ್ಲಿ ಸಾಗಿಸಿದ್ರಿ ಅಂತ ಒಬ್ಬರು ಹೇಳಿದ್ದಾರೆ. ನಿಜಾನಾ?"

ಬಾಗಿಲ ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದೆ.

"ದೃಢಪಡಿಸಲ್ಲ. ನಿರಾಕರಿಸೋದೂ ಇಲ್ಲ."

ಅವನು ನಿಟ್ಟುಸಿರು ಬಿಟ್ಟ. "ಸರಿ. ತೊಟ್ಟಿಯಲ್ಲಿ ಏನಿತ್ತು ಅಂತಾದ್ರೂ ಹೇಳಿ."

"ಆಲೂಗಡ್ಡೆ," ಎಂದೆ.